ಬೋಟಿಗೆ ಹಲ್ಲೆಲ್ಲಿ?

ಗೋವಾದಲ್ಲಿ ಮಾರಾಟಕ್ಕಿಟ್ಟ ಹಳೇ ಬೋಟಿನ ಫೋಟೋವನ್ನು ಎಲ್ಲರೂ ಸಂಜೆ ಹೊತ್ತಿನಲ್ಲೇ ಯಾಕೆ ತೆಗೆಯುತ್ತಾರೋ. ಹಿಂದೆ ಕೆಂಪು ಸೂರ್ಯ, ಪಕ್ಕಕ್ಕೆ ತೆಂಗಿನ ಗರಿ, ನಡುವೆ ಮೂತಿ ಎತ್ತಿಕೊಂಡು ನಿಂತ ಬೋಟು. ನಾವು ನೋಡಬೇಕಾದದ್ದು ಇರುವುದೆಲ್ಲ ಹಿಂಬದಿಯಲ್ಲಿ. ಎಂಜಿನ್ ಕಚ್ಚಿಕೊಂಡಿರುವ ಹಲಗೆ, ಟ್ರಾನ್ಸಮ್ ಅನ್ನುತ್ತಾರಲ್ಲ, ಅದರದೊಂದು ಫೋಟೋ ಕಳಿಸಿ ಅಂದರೆ ಇನ್ನೊಂದು ಸೂರ್ಯಾಸ್ತ ಬರುತ್ತದೆ. ನನ್ನ ಫೋನಿನ ತುಂಬ ಗೋವಾದ ಸಂಜೆಗಳೇ ಆಗಿ, ಯಾವಾಗ ಹೋಗಿದ್ರಿ, ಯಾರ ಜೋಡಿ ಹೋಗಿದ್ರಿ ಎಂದು ಮನೆಯಲ್ಲಿ ವಿಚಾರಣೆ ಶುರುವಾಯಿತು.

ಬಾಗಲಕೋಟೆಯವರಿಗೆ ಬೋಟ್ ಯಾಕ್ರೀ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಊರಿನ ದೊಡ್ಡ ಪಾಲನ್ನು ನೀರಿಗೆ ಕೊಟ್ಟವರು ನಾವು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಇಟ್ಟರು. ಆ ನೀರು ಬಂದು ನಿಲ್ಲುವ ಹೊತ್ತಿಗೆ ಓಣಿಯ ಹೆಸರು ಹೇಳುತ್ತಿದ್ದ ಮಂದಿ ನವನಗರದಲ್ಲಿ ಸೆಕ್ಟರ್ ನಂಬರ್ ಹೇಳುವವರಾಗಿದ್ದರು. 519.60 ಮೀಟರ್ ಅಂದರೆ ಅಣೆಕಟ್ಟೆಯಲ್ಲಿ ನೀರು ನಿಲ್ಲಿಸುವ ಮಟ್ಟವೆಂದು ಇಲ್ಲಿ ಚಹಾದಂಗಡಿಯಲ್ಲೂ ಗೊತ್ತು. ಅದನ್ನು 524.256ಕ್ಕೆ ಏರಿಸುವ ಮಾತು ವರ್ಷಗಟ್ಟಲೆಯಿಂದ ನಡೆದೇ ಇದೆ. ಇಷ್ಟು ಕೊಟ್ಟವರು ಆ ನೀರಿನ ಮೇಲೆ ಒಂದು ಸುತ್ತು ಹೋಗಿಬರುತ್ತೇವೆ ಅಂದರೆ 'ರೊಕ್ಕ ಭಾಳ ಆಗ್ಯಾವೇನು?' ಎಂಬ ಪ್ರಶ್ನೆ. ಕೇಳಿದವರು ಮಗನ ಲಗ್ನಕ್ಕೆ ಡ್ರೋನ್ ಹಾರಿಸಿದವರು.

ಗೋವಾದ ಬೋಟು ಇಲ್ಲಿಗೆ ಒಗ್ಗುತ್ತದೋ ಇಲ್ಲವೋ ಎಂಬುದು ಖರೆ ಪ್ರಶ್ನೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕಡಲಿಗೆ ಮಾಡಿದ ಬೋಟಿನ ತಳ ಅಲೆ ಸೀಳಲೆಂದು ಚೂಪಾಗಿರುತ್ತದೆ, ಹಾಗಾಗಿ ನೀರೊಳಗೆ ಆಳಕ್ಕಿಳಿಯುತ್ತದೆ. ನಮ್ಮ ಹಿನ್ನೀರಿನಲ್ಲಿ ಮಳೆಗಾಲ ಮುಗಿದ ಮೇಲೆ ಎಲ್ಲಿ ನೋಡಿದರೂ ನೀರು. ಬೇಸಿಗೆಯಲ್ಲಿ ದಂಡೆ ಎದ್ದು ದೂರ ನಡೆದುಬಿಡುತ್ತದೆ, ಬಿಟ್ಟ ನೆಲದಲ್ಲಿ ಜನ ಬಿತ್ತುತ್ತಾರೆ. ನೀರು ಇಳಿದಾಗ ಅಡಿಯಲ್ಲಿ ಯಾರದೋ ಮನೆಯ ಕಟ್ಟೆ, ಬೇವಿನ ಮರದ ಮೋಟು. ಪ್ರೊಪೆಲ್ಲರ್ ಅದಕ್ಕೆ ಬಡಿದರೆ ಪರಿಹಾರ ಕೊಡುವವರಿಲ್ಲ. ಮೀನು ಹಿಡಿಯುವವರ ಹರಿಗೋಲಿಗೆ ಈ ತಾಪತ್ರಯ ಯಾವುದೂ ಇಲ್ಲ, ಅದಕ್ಕೇ ಅವರು ನನ್ನನ್ನು ನೋಡಿ ನಗುತ್ತಾರೆ.

ಕಾಗದಪತ್ರದ್ದು ಬೇರೆ ಕಥೆ. 2021ರ ಒಳನಾಡು ಹಡಗುಗಳ ಕಾಯ್ದೆ ಬಂದ ಮೇಲೆ ಎಂಜಿನ್ ಇದ್ದದ್ದಕ್ಕೆಲ್ಲ ಸರ್ವೇ ಆಗಬೇಕು, ನೋಂದಣಿ ಆಗಬೇಕು. ಮಾರುವವರನ್ನು ಕಾಗದ ಕೇಳಿದರೆ 'ಅದೇನ್ ಬಿಡ್ರಿ' ಅನ್ನುತ್ತಾರೆ. ಹಾಗೆ ಅಂದವರ ನಂಬರನ್ನು ಅಲ್ಲೇ ಅಳಿಸಿಹಾಕುತ್ತೇನೆ.

ನನಗೆ ಗೊತ್ತಿದ್ದ ಬೈಕ್ ಮೆಕ್ಯಾನಿಕ್ ಒಬ್ಬರು 'ಟೂ ಸ್ಟ್ರೋಕ್ ಅಂದ್ರ ನಮ್ಮ ಆರ್‌ಎಕ್ಸ್ 100 ಇದ್ದಂಗ ಸರ್, ಚಾಲೂ ಮಾಡಿ ಕಿವಿಗೊಟ್ರ ಸಾಕು' ಎಂದು ಧೈರ್ಯ ಕೊಟ್ಟರು. ಬೈಕನ್ನು ಗಾಳಿ ತಂಪು ಮಾಡುತ್ತದೆ, ಬೋಟಿನ ಎಂಜಿನ್ ಕೆಳಗಿನಿಂದ ನೀರು ಎಳೆದುಕೊಂಡು ತಂಪಾಗಬೇಕು. ಒಣನೆಲದ ಮೇಲೆ ಚಾಲೂ ಮಾಡಿದರೆ ಪಂಪಿನೊಳಗೆ ನೀರೆಳೆಯುವ ರಬ್ಬರ್ ಚಕ್ರ, ಇಂಪೆಲ್ಲರ್, ಸುಟ್ಟುಹೋಗುತ್ತದೆ. ಎಂಜಿನ್ನಿನ ಕಾಲನ್ನು ನೀರು ತುಂಬಿದ ಬ್ಯಾರಲ್ಲಿನಲ್ಲಿ ಮುಳುಗಿಸಿ ಚಾಲೂ ಮಾಡಬೇಕು, ಪಕ್ಕದ ತೂತಿನಿಂದ ಸಣ್ಣ ಧಾರೆ ಬರುತ್ತಿದೆಯೇ ನೋಡಬೇಕು. ಇದನ್ನು ಹೇಳಿದ ಮೇಲೆ ಅವರಿಗೆ ನನ್ನ ಬೋಟಿನ ಮೇಲಿನ ಆಸಕ್ತಿಯೇ ಹೋಯಿತು.

ಹಳೇ ಬೋಟು ಆರಿಸುವಾಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಅದಕ್ಕೆ ಬರುತ್ತೇನೆ. ಮೊದಲು ನಮ್ಮ ಕಾಕಾನ ಎತ್ತಿನ ವಿಷಯ ಹೇಳಬೇಕು.

ಕಾಕಾನ ಜೋಡಿಯಲ್ಲಿ ಒಂದು ಎತ್ತು ಸತ್ತು, ಉಳಿದದ್ದಕ್ಕೆ ಜೊತೆ ಹುಡುಕಿಕೊಂಡು ಅವರು ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದರು. ಅಲ್ಲೊಂದು ಬಿಳೀ ಎತ್ತು ಕಣ್ಣಿಗೆ ಬಿತ್ತು. ಕೋಡು ಹೆರೆದು ಎಣ್ಣೆ ಹಚ್ಚಿದ್ದರು. ಮುಂಗಾಲು ಏರಿನಲ್ಲಿ ಬರುವಂತೆ ಕಟ್ಟಿದ್ದರು, ಎತ್ತರ ಕಾಣಲಿ ಅಂತ. ಕಾಕಾ ಮೊದಲು ಅದನ್ನು ಬಿಚ್ಚಿಸಿ ಸಮನೆಲಕ್ಕೆ ತಂದರು. ತುಟಿ ಎತ್ತಿ ನೋಡಿದರೆ ಆರು ಹಲ್ಲು, ಅಂದರೆ ವಯಸ್ಸು ಸರಿ. ಸುಳಿ ನೋಡಿದರು, ಅದೂ ಸರಿ. ದಲ್ಲಾಳಿ ಟವೆಲ್ ಹಾಸಿ, ಅದರ ಕೆಳಗೆ ಬೆರಳು ಹಿಡಿದು ರೇಟು ಹೇಳಲು ಕೈ ಚಾಚಿದಾಗ ಕಾಕಾ ತಮ್ಮ ಕೈ ಕೊಡಲಿಲ್ಲ. 'ಮಲಗಿದ್ದು ಏಳೂದು ನೋಡಬೇಕು' ಅಂದರು. ಹಿಂಗಾಲಿನಲ್ಲಿ ದೋಷ ಇದ್ದರೆ ನಿಂತ ಎತ್ತಿನಲ್ಲಿ ಕಾಣುವುದಿಲ್ಲವಂತೆ. ಎತ್ತು ಮಲಗಲೇ ಇಲ್ಲ. ಕಾಕಾ ಅಲ್ಲೇ ರೊಟ್ಟಿ ಗಂಟು ಬಿಚ್ಚಿ ಕೂತರು. ಮಾರುವಾತ ಬೈದ, ಚಹಾ ತರಿಸಿದ, ಮತ್ತೆ ಬೈದ. ರಾತ್ರಿ ಎತ್ತು ಮಲಗಿತು, ನಸುಕಿನಲ್ಲಿ ಚೂರೂ ಅಳುಕದೆ ಎದ್ದು ನಿಂತಿತು. ಟವೆಲ್ಲಿನ ಕೆಳಗೆ ವ್ಯಾಪಾರ ಮುಗಿಯಿತು. ಹೊರಡುವಾಗ ಮಾರುವಾತ ಕೊರಳ ಹಗ್ಗ ಬಿಚ್ಚಿಕೊಂಡ. ಹಗ್ಗ ಬೇರೆ, ಎತ್ತು ಬೇರೆ ಅಂದ. ಆ ಹಗ್ಗಕ್ಕಾಗಿ ಇಬ್ಬರೂ ಮಧ್ಯಾಹ್ನದವರೆಗೆ ಜಗಳಾಡಿದರು. ಕಡೆಗೆ ಹಗ್ಗದ ಸಮೇತ ಮನೆಗೆ ತಂದು ನೊಗದ ಎಡಕ್ಕೆ ಹೂಡಿದರೆ ಎತ್ತು ಹೆಜ್ಜೆಯನ್ನೇ ಇಡಲಿಲ್ಲ. ಬಲಕ್ಕೆ ಹೂಡಿದರೆ ಮಾತ್ರ ನಡೆಯುತ್ತಿತ್ತು. ಮನೆಯಲ್ಲಿದ್ದ ಎತ್ತೂ ಬಲಕ್ಕಿನದೇ. ಎರಡು ಬಲದೆತ್ತು ಇಟ್ಟುಕೊಂಡು ಕಾಕಾ ಒಂದು ಮಳೆಗಾಲ ಕಳೆದರು, ಇವತ್ತಿಗೂ ಆ ವ್ಯಾಪಾರದ ಬಗ್ಗೆ ಅವರಿಗೆ ಹೆಮ್ಮೆಯೇ.

ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಬೆಳಗಾವಿ ಹತ್ತಿರದ ಶೆಡ್ಡೊಂದಕ್ಕೆ ಬಂದಿದ್ದ ಬೋಟು ನೋಡಲು ಇದೇ ಕಾಕಾನನ್ನು ಕರೆದೊಯ್ದೆ. ಹೊಸದಾಗಿ ಬಳಿದ ನೀಲಿ ಬಣ್ಣ ಇನ್ನೂ ವಾಸನೆ ಹೊಡೆಯುತ್ತಿತ್ತು. ಹಳೇ ಸಾಮಾನಿಗೆ ಹೊಸ ಬಣ್ಣ ಬಳಿಯುವವರ ಮೇಲೆ ನನಗೆ ಎಂದಿನ ಸಿಟ್ಟು. ಸೀಳು ಮುಚ್ಚಲಿಕ್ಕಲ್ಲದೆ ಮತ್ತ್ಯಾತಕ್ಕೆ? ಕಾಕಾ ಸುತ್ತು ಬಂದು, 'ಎಲ್ಲಾ ಖರೆ ತಮ್ಮಾ, ಇದರ ಹಲ್ಲು ಎಲ್ಲ್ಯದಾವ?' ಅಂದರು. ಆಮೇಲೆ ಎಂಜಿನ್ನಿನ ಮೇಲೆ ಅಂಗೈ ಇಟ್ಟರು.

'ಬಿಸಿ ಐತಿ. ನಾವು ಬರೂಕಿಂತ ಮೊದಲ ಎಬ್ಬಿಸ್ಯಾರ.'

'ಬಿಸಲಾಗ ಇತ್ತರೀ ಕಾಕಾ,' ಅಂದ ಮಾರುವಾತ, ಶೆಡ್ಡಿನ ನೆರಳಲ್ಲಿ ನಿಂತುಕೊಂಡು.

'ಆರಲಿ. ನಮಗೇನ್ ಗಡಿಬಿಡಿ ಇಲ್ಲ,' ಎಂದು ಕಾಕಾ ರೊಟ್ಟಿ ಗಂಟು ಬಿಚ್ಚಿದರು.

ತಣ್ಣಗಿನ ಎಂಜಿನ್ ಚಾಲೂ ಆಗುವುದನ್ನೇ ನೋಡಬೇಕೆಂದು ಬಲ್ಲವರೆಲ್ಲ ಹೇಳುತ್ತಾರೆ. ಅದು ಆರುವಷ್ಟರಲ್ಲಿ ನಾನು ಟ್ರಾನ್ಸಮ್ಮಿನ ಮೇಲೆ ನಾಣ್ಯದಿಂದ ಬಡಿಯುತ್ತ ಹೋದೆ. ಎಲ್ಲ ಕಡೆ ಟಣ್ ಅನ್ನುತ್ತಿದ್ದದ್ದು ಬಲಮೂಲೆಯಲ್ಲಿ ದಬ್ ಅಂದಿತು. ಫೈಬರ್ ಒಳಗಿನ ಪ್ಲೈವುಡ್ ನೀರು ಕುಡಿದರೆ ಹಾಗೆಯೇ. ಗೇರ್ ಬಾಕ್ಸಿನ ಸ್ಕ್ರೂ ಸಡಿಲಿಸಿದರೆ ಆಯಿಲ್ ಬೆಳ್ಳಗೆ ಇಳಿಯಿತು, ಅಂದರೆ ಸೀಲ್ ಹೋಗಿ ನೀರು ಸೇರಿದೆ. 'ಅದು ಹಂಗ ಇರತದ್ರಿ' ಅಂದ ಮಾರುವಾತ. ತಣ್ಣಗಾದ ಮೇಲೆ ದಾರ ಎಳೆದೂ ಎಳೆದೂ ಅವನ ಅಂಗಿ ತೊಯ್ದುಹೋಯಿತು. ಎಂಜಿನ್ ಕೆಮ್ಮಿ, ಶೆಡ್ಡಿನ ತುಂಬ ನೀಲಿ ಹೊಗೆ ಬಿಟ್ಟು, ನಿಂತಿತು.

ಆಶ್ಚರ್ಯವೆಂದರೆ ರೇಟು ಅರ್ಧಕ್ಕೆ ಇಳಿಯಿತು. ಅಷ್ಟಾದರೆ ಟ್ರಾನ್ಸಮ್ ಹೊಸದು ಹಾಕಿಸಬಹುದಲ್ಲ, ಸೀಲ್ ಏನು ಮಹಾ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವಾಗ ಮಾರುವಾತ ಮೆಲ್ಲಗೆ ಅಂದ: 'ಆ ರೇಟಿಗೆ ಬೋಟ್ ಅಷ್ಟ ಸರ್. ಟ್ರೇಲರ್ ಬ್ಯಾರೆ.'

ಕಾಕಾ ಕೈ ತೊಳೆಯಲು ಹೊರಟಿದ್ದವರು ವಾಪಸು ಬಂದು ಕೂತರು.