ಮೂರನೆಯ ಪತ್ರ ಬರಲಿಲ್ಲ

ನಿನ್ನೆ ನಸುಕಿನ ಮೂರೂವರೆಗೆ ನಮ್ಮ ವಿಭಾಗದ ವಿದ್ಯಾರ್ಥಿಗಳ ಕೋಣೆಯಲ್ಲಿ ಕಂಡದ್ದನ್ನು ಬರೆಯದೆ ಇರಲು ನನ್ನಿಂದ ಆಗುತ್ತಿಲ್ಲ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಫೆಲೋಶಿಪ್‌ಗೆ ಅರ್ಜಿ ಮುಗಿಯುವ ಹೊತ್ತು ಅದು. ಅಲ್ಲಿನ ಪೂರ್ವ ಕರಾವಳಿಯಲ್ಲಿ ಸಂಜೆ ಐದಾದರೆ ನವೆಂಬರಿನಲ್ಲಿ ನಮಗೆ ಮರುದಿನ ನಸುಕಿನ ಮೂರೂವರೆ. ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಅವಳಿಗೆ ಶಿಫಾರಸು ಪತ್ರ ಬರೆಯಲು ಒಪ್ಪಿದ ಮೂವರ ಹೆಸರುಗಳಿದ್ದವು. ಎರಡು ಹೆಸರುಗಳ ಮುಂದೆ ಹಸಿರು ಗುರುತು, ಮೂರನೆಯದರ ಮುಂದೆ ‘ಬಾಕಿ’ ಎಂಬ ಮಾತು. ಹನ್ನೊಂದು ಗಂಟೆಯಿಂದ ಅವಳು ಆ ಪುಟವನ್ನು ಮತ್ತೆ ಮತ್ತೆ ತೆರೆಯುತ್ತಿದ್ದಳು. ಗಂಟೆ ಮೂರೂವರೆಯಾಯಿತು, ಪುಟದ ಮೇಲ್ಭಾಗದಲ್ಲಿ ‘ಅರ್ಜಿ ಅಪೂರ್ಣ’ ಎಂಬ ಕೆಂಪು ಸಾಲು ಬಂತು. ಅವಳು ಏನೂ ಮಾತಾಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ನೀರಿನ ಬಾಟಲಿ ಎತ್ತಿಕೊಂಡು ಹಾಸ್ಟೆಲ್ಲಿಗೆ ನಡೆದಳು.

ಆ ಅರ್ಜಿಯಲ್ಲಿ ಅವಳು ಮಾಡಬೇಕಾದ ಯಾವ ಕೆಲಸವೂ ಅಪೂರ್ಣವಾಗಿರಲಿಲ್ಲ. ಮುಂದೆ ಮಾಡಲಿರುವ ಸಂಶೋಧನೆಯ ಐದು ಪುಟದ ಪ್ರಪೋಸಲ್ಲಿಗೆ ಎರಡು ತಿಂಗಳು ಕೂತಿದ್ದಾಳೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ನಾನೇ ಎಷ್ಟೋ ಸಲ ಇಲ್ಲಿ ಬರೆದಿದ್ದೇನೆ. ಅಲ್ಲಿ ಸೂಪರ್‌ನೋವಾಗಳ, ಅಂದರೆ ಸಿಡಿದ ನಕ್ಷತ್ರಗಳ ಬೆಳಕು ಇಳಿಯುವುದನ್ನು ರಾತ್ರಿಗಟ್ಟಲೆ ಅಳೆದು ಥೀಸಿಸ್ ಬರೆದ ಹುಡುಗಿ ಇವಳು. ಮೋಡ ಬಂದು ರಾತ್ರಿಯೆಲ್ಲಾ ವ್ಯರ್ಥವಾದಾಗ ಇವಳು ಬೇಸರ ಪಟ್ಟದ್ದನ್ನು ನಾನು ನೋಡಿಲ್ಲ. ಮೋಡದ ಮೇಲೆ ಯಾರಿಗೂ ಅಧಿಕಾರವಿಲ್ಲ. ಆದರೆ ಪತ್ರ ಕಳಿಸುವುದು ಒಬ್ಬ ಮನುಷ್ಯನ ಹತ್ತು ನಿಮಿಷದ ಕೆಲಸ.

ಖಗೋಳವಿಜ್ಞಾನದಲ್ಲಿ ಒಂದು ಅರ್ಜಿ ತಪ್ಪಿದರೆ ಮುಂದಿನ ತಿಂಗಳು ಇನ್ನೊಂದು ಸಿಗುತ್ತದೆ ಎಂದು ತಿಳಿಯಬೇಡಿ. ನಮ್ಮಲ್ಲಿ ಇದಕ್ಕೆ ಸುಗ್ಗಿಯಂತೆ ವರ್ಷಕ್ಕೊಂದೇ ಕಾಲ. ಯುರೋಪಿನ ದೇಶಗಳು ಸೇರಿ ನಡೆಸುವ ವೀಕ್ಷಣಾಲಯ ಇಎಸ್‌ಒದ ಫೆಲೋಶಿಪ್‌ನ ಕೊನೆಯ ದಿನ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಲ್ಲಿ ಬರುತ್ತದೆ. ನಾಸಾದ ಹಬಲ್ ಫೆಲೋಶಿಪ್‌ಗೆ, ಅಂದರೆ ಇಡೀ ಜಗತ್ತಿನಿಂದ ವರ್ಷಕ್ಕೆ ಸುಮಾರು 24 ಮಂದಿಯನ್ನಷ್ಟೇ ಆರಿಸುವ ಆ ಕಾರ್ಯಕ್ರಮಕ್ಕೆ, ನವೆಂಬರಿನ ಆರಂಭದಲ್ಲಿ. ಉಳಿದವು ಹೆಚ್ಚಾಗಿ ಡಿಸೆಂಬರಿನೊಳಗೆ ಮುಗಿಯುತ್ತವೆ. ಆಯ್ಕೆಯಾದವರಿಗೆ ಕರೆಗಳು ಜನವರಿಯಲ್ಲಿ ಬರುತ್ತವೆ, ಫೆಬ್ರವರಿ 15ರೊಳಗೆ ಒಪ್ಪಿಗೆ ಹೇಳಬೇಕೆಂಬ ವಾಡಿಕೆಯಿದೆ, ಸೇರುವುದು ಆಗಸ್ಟ್ ಸೆಪ್ಟೆಂಬರಿನಲ್ಲಿ. ಈ ಮೂರು ತಿಂಗಳಲ್ಲಿ ಕೈತಪ್ಪಿದ್ದಕ್ಕೆ ಮತ್ತೆ ಒಂದು ವರ್ಷ ಕಾಯಬೇಕು. ಪಿಎಚ್‌ಡಿ ಫೆಲೋಶಿಪ್ ಮುಗಿದವರು ಆ ವರ್ಷವನ್ನು ಯಾರ ಮನೆಯಲ್ಲಿ, ಯಾವ ಹಣದಿಂದ ಕಳೆಯಬೇಕು?

ಲೆಕ್ಕ ನೋಡಿ. ಇವಳು ಈ ಬಾರಿ ಹದಿನೆಂಟು ಕಡೆ ಅರ್ಜಿ ಹಾಕುತ್ತಿದ್ದಾಳೆ. ಪ್ರತಿ ಅರ್ಜಿಗೆ ಮೂರು ಪತ್ರವೆಂದರೆ ಐವತ್ತನಾಲ್ಕು ಪತ್ರ. ಒಂದು ಪೋರ್ಟಲ್ ಪಿಡಿಎಫ್ ಕೇಳಿದರೆ ಇನ್ನೊಂದು ಹೊಸ ಪಾಸ್‌ವರ್ಡ್ ಮಾಡಿಕೊಳ್ಳಿ ಎನ್ನುತ್ತದೆ, ಮತ್ತೊಂದು ಅಭ್ಯರ್ಥಿ ನಿಮ್ಮ ವಿದ್ಯಾರ್ಥಿಗಳಲ್ಲಿ ಮೊದಲ ಶೇಕಡಾ ಐದರಲ್ಲಿದ್ದಾಳೋ ಹತ್ತರಲ್ಲಿದ್ದಾಳೋ ಗುರುತು ಹಾಕಿ ಎನ್ನುತ್ತದೆ. ಈ ಕೋರಿಕೆಗಳೆಲ್ಲಾ ಯಂತ್ರವೇ ಕಳಿಸುವ ಮಿಂಚಂಚೆಗಳಾಗಿ ಬಂದು, ಎಷ್ಟೋ ಸಲ ಸ್ಪ್ಯಾಮ್‌ನಲ್ಲಿ ಬೀಳುತ್ತವೆ. ಹದಿನೆಂಟರಲ್ಲಿ ಹೆಚ್ಚೆಂದರೆ ಎರಡು ಮೂರು ಕಡೆ ಇವಳ ಹೆಸರು ಅಂತಿಮ ಪಟ್ಟಿಗೆ ಹೋಗಬಹುದು. ಹಾಗಾದರೆ ಉಳಿದ ನಲವತ್ತೈದು ಪತ್ರಗಳನ್ನು ಯಾರಿಗಾಗಿ ಬರೆಸಿದರು? ಮೊದಲು ಪ್ರಪೋಸಲ್ ಓದಿ, ಹತ್ತು ಹದಿನೈದು ಜನರನ್ನು ಆರಿಸಿ, ಅವರಿಗೆ ಮಾತ್ರ ಪತ್ರ ಕೇಳಿದರೆ ಯಾರಿಗೆ ನಷ್ಟ?

ನನ್ನನ್ನು ಹೆಚ್ಚು ಕಾಡುವುದು ಇದರ ಇನ್ನೊಂದು ಮುಖ. ವಾರದ ಹಿಂದೆಯೇ ನಾನು ಅವಳಿಗೆ, ಪತ್ರ ಕಳಿಸದ ಆ ಮೂರನೆಯವರಿಗೆ ಫೋನ್ ಮಾಡಿ ನೆನಪಿಸು ಎಂದಿದ್ದೆ. “ಮೇಡಂ, ಇನ್ನೊಮ್ಮೆ ಹೆಂಗ ಕೇಳ್ಲಿರೀ? ಅವ್ರು ಅಷ್ಟು ದೊಡ್ಡವ್ರು. ಈಗಾಗ್ಲೇ ಎರಡು ಸಲ ಕೇಳೇನ್ರೀ” ಎಂದಳು. ಹಾವೇರಿ ಜಿಲ್ಲೆಯ ಹಳ್ಳಿಯ ಹುಡುಗಿ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲಿಗಳು. ದೊಡ್ಡವರಿಗೆ ಮೂರನೆಯ ಸಲ ನೆನಪಿಸುವುದು ಉದ್ಧಟತನ ಎಂದು ನಾವೇ ಕಲಿಸಿ ಬೆಳೆಸಿದ್ದೇವೆ. ಪ್ರಾಧ್ಯಾಪಕರ ಮನೆಯಲ್ಲಿ ಹುಟ್ಟಿದ ಮಕ್ಕಳು ನಾಲ್ಕನೆಯ ಸಲವೂ ಅಳುಕದೆ ಬರೆಯುತ್ತಾರೆ. ಇವಳು ಎರಡಕ್ಕೇ ನಿಲ್ಲಿಸುತ್ತಾಳೆ. ಪತ್ರ ತಪ್ಪುವುದು ಸಾಮಾನ್ಯವಾಗಿ ಇಂಥವರದೇ.

ಪತ್ರವಿಲ್ಲದೆ ಅಭ್ಯರ್ಥಿಯನ್ನು ಅಳೆಯುವುದು ಹೇಗೆ, ಹತ್ತು ಜನ ಸೇರಿ ಬರೆದ ಲೇಖನದಲ್ಲಿ ಯಾರು ಏನು ಮಾಡಿದರೆಂದು ಗೈಡ್ ಅಲ್ಲದೆ ಇನ್ಯಾರು ಹೇಳಬೇಕು ಎಂದು ಸಹೋದ್ಯೋಗಿಯೊಬ್ಬರು ಬೆಳಿಗ್ಗೆ ಕೇಳಿದರು. ಮಾತು ಸುಳ್ಳಲ್ಲ, ಆದರೆ ಅದು ಕೊನೆಯ ಹದಿನೈದು ಜನರ ಪತ್ರ ಓದುವುದಕ್ಕೆ ಕಾರಣವೇ ಹೊರತು ಅರ್ಜಿ ಹಾಕಿದ ಮುನ್ನೂರು ಜನರಿಗೂ ಪತ್ರ ಬರೆಸುವುದಕ್ಕಲ್ಲ. ಪತ್ರ ಅಳೆಯುವುದು ಅಭ್ಯರ್ಥಿಯನ್ನೇ ಎಂಬ ನಂಬಿಕೆಯೂ ನನಗಿಲ್ಲ. ಭೂವಿಜ್ಞಾನದ ಪೋಸ್ಟ್‌ಡಾಕ್ ಫೆಲೋಶಿಪ್‌ಗಳಿಗೆ 54 ದೇಶಗಳಿಂದ ಬಂದ 1,224 ಪತ್ರಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅತ್ಯುತ್ತಮ ಎನಿಸುವ ಪತ್ರ ಸಿಗುವ ಸಂಭವ ಮಹಿಳೆಯರಿಗೆ ಪುರುಷರ ಅರ್ಧದಷ್ಟೇ ಇತ್ತು. ಹಬಲ್ ದೂರದರ್ಶಕದ ಸಮಯ ಕೋರುವ ಪ್ರಪೋಸಲ್‌ಗಳನ್ನು 2018ರಿಂದ ಹೆಸರು ಮುಚ್ಚಿ ಓದುತ್ತಿದ್ದಾರೆ. ಆ ಮೊದಲ ಸುತ್ತಿನಲ್ಲೇ ಮಹಿಳೆಯರ ಯಶಸ್ಸಿನ ಪ್ರಮಾಣ ಪುರುಷರದನ್ನು ತುಸು ಮೀರಿತು. ದೂರದರ್ಶಕ ಕೊಡುವಾಗ ಹೆಸರು ಬೇಡವೆಂದು ಒಪ್ಪಿಕೊಂಡ ಸಮುದಾಯ, ಕೆಲಸ ಕೊಡುವಾಗ ಮಾತ್ರ ಪತ್ರ ಬರೆದವರ ಹೆಸರನ್ನೇ ಮೊದಲು ನೋಡುವುದು ನನಗೆ ಒಪ್ಪಿಗೆಯಿಲ್ಲ.

ಇಷ್ಟೆಲ್ಲಾ ಬರೆದ ಮೇಲೆ ನನ್ನದನ್ನೂ ಹೇಳಬೇಕು. ಮೂರು ವರ್ಷದ ಹಿಂದೆ ನಾನೂ ಒಂದು ಪತ್ರ ತಪ್ಪಿಸಿದ್ದೇನೆ. ವಿದ್ಯಾರ್ಥಿಯೊಬ್ಬನಿಗೆ ಬರೆಯುತ್ತೇನೆಂದು ಮಾತು ಕೊಟ್ಟು, ಹನ್ನೊಂದು ಕಡೆ ಕಳಿಸಿ, ಹನ್ನೆರಡನೆಯದರ ಲಿಂಕನ್ನು ಸ್ಪ್ಯಾಮ್‌ನಲ್ಲಿ ಕಂಡದ್ದು ಜನವರಿಯಲ್ಲಿ, ರೈಲಿನ ಟಿಕೆಟ್ ಹುಡುಕುವಾಗ. ಅವನು ಒಮ್ಮೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೇರೆ ಎಲ್ಲಿಯೂ ಅವನಿಗೆ ಆಗಲಿಲ್ಲ. ಈಗ ಬೆಂಗಳೂರಿನಲ್ಲೇ ಒಂದು ಕಂಪನಿಯಲ್ಲಿದ್ದಾನೆ, ಪ್ರತಿ ಯುಗಾದಿಗೂ ಮೆಸೇಜ್ ಹಾಕುತ್ತಾನೆ. ಅವನಿಗೆ ಈ ವಿಷಯ ಇವತ್ತು ಇಲ್ಲಿ ಓದಿದಾಗಲೇ ಮೊದಲು ತಿಳಿಯುವುದು. ಫೋನ್ ಮಾಡಿ ಹೇಳಬೇಕಿತ್ತು, ಧೈರ್ಯ ಬರಲಿಲ್ಲ. ತಪ್ಪು ನನ್ನದು, ಕ್ಷಮಿಸು ಮಾರಾಯ.

ಮುಂದಿನ ತಿಂಗಳು ನಮ್ಮಲ್ಲಿಯೂ ಪೋಸ್ಟ್‌ಡಾಕ್ ಆಯ್ಕೆಯಿದೆ, ನಾನು ಸಮಿತಿಯಲ್ಲಿದ್ದೇನೆ. ಪತ್ರಗಳನ್ನು ಅಂತಿಮ ಪಟ್ಟಿಯವರಿಗೆ ಮಾತ್ರ ಕೇಳೋಣ, ಬಾರದ ಪತ್ರಕ್ಕೆ ಅಭ್ಯರ್ಥಿಯನ್ನು ಕೈಬಿಡದೆ ನಾವೇ ಪತ್ರ ಬರೆಯಬೇಕಾದವರಿಗೆ ಫೋನ್ ಮಾಡೋಣ ಎಂದು ಇವತ್ತು ಮಧ್ಯಾಹ್ನ ಅಧ್ಯಕ್ಷರಿಗೆ ಬರೆದು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಪತ್ರ ಬರೆಯಲು ಒಪ್ಪಿಕೊಂಡಿರುವ ಗೆಳೆಯರು ಇಲ್ಲಿ ಇದನ್ನು ಓದುವವರಲ್ಲಿ ಹತ್ತಾರು ಮಂದಿ ಇದ್ದೀರಿ. ದಯವಿಟ್ಟು ಈಗಲೇ ನಿಮ್ಮ ಸ್ಪ್ಯಾಮ್ ತೆರೆದು ನೋಡಿ. ಅವಳ ಮುಂದಿನ ಅರ್ಜಿಗೆ ಗುರುವಾರ ಕೊನೆಯ ದಿನ.