ಕೊಡಗಿಗೆ ಸ್ವಾಯತ್ತ ಆಡಳಿತ ಬೇಕೇ?

ಪರ

ನಮ್ಮ ಬಾಣೆಯ (ಗದ್ದೆಗೆ ಸೇರಿದ ಮರಗಿಡಗಳ ಜಾಗ) ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ಇವತ್ತಿಗೂ ಮುತ್ತಜ್ಜನ ಹೆಸರೇ ಮೊದಲು. ಅವರು ನಮ್ಮ ಒಕ್ಕದ, ಅಂದರೆ ಕುಲದ ಕುಟುಂಬದ, ಯಜಮಾನರಾದ ಪಟ್ಟೆದಾರರಾಗಿದ್ದರು, ತೀರಿಕೊಂಡು ಅರವತ್ತು ವರ್ಷವಾಯಿತು. ಗೊಬ್ಬರಕ್ಕೆ ಸಾಲ ಕೇಳಿದರೆ ಬ್ಯಾಂಕಿನವರು ನನ್ನ ಹೆಸರಿನ ಆರ್‌ಟಿಸಿ ತನ್ನಿ ಎಂದರು. ಕಚೇರಿಗೆ ಹೋದೆ. ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ಗುಮಾಸ್ತರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದೇನ್ರೀ ಇಷ್ಟೊಂದು ಹೆಸರು? ಪಾಲು ಮಾಡ್ಕೊಂಡು ಬನ್ನಿ" ಅಂದರು. ಜಮ್ಮಾ, ಅಂದರೆ ವಂಶಪಾರಂಪರ್ಯದ ಜಾಗ, ಇಡೀ ಒಕ್ಕದ್ದು ಸಾರ್, ಹಾಗೆ ಸುಲಭಕ್ಕೆ ಹೋಳು ಮಾಡಲಾಗದು ಎಂದು ಅರ್ಧ ಗಂಟೆ ಬಿಡಿಸಿ ಹೇಳಿದೆ. ತಲೆಯಾಡಿಸಿದರು. ಮೂರು ತಿಂಗಳು ಬಿಟ್ಟು ಹೋದರೆ ಅವರಿಗೆ ವರ್ಗವಾಗಿತ್ತು. ಹೊಸಬರಿಗೆ ಮತ್ತೆ ಮೊದಲಿನಿಂದ ಪಾಠ.

ಸ್ವಾಯತ್ತತೆ ಅಂದರೆ ನನಗೆ ಇಷ್ಟೇ. ಬಾಣೆ ಅಂದರೇನು ಎಂದು ಗೊತ್ತಿರುವವರು ಆ ಕುರ್ಚಿಯಲ್ಲಿ ಕೂರಬೇಕು.

ಇದೇನು ಹೊಸ ಆಸೆಯಲ್ಲ. 1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರುವವರೆಗೆ ಕೊಡಗು ಬೇರೆಯೇ ರಾಜ್ಯ. ನಮ್ಮದೇ 24 ಶಾಸಕರು, ನಮ್ಮದೇ ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. ಈಗ 224ರಲ್ಲಿ ಎರಡು ಸೀಟು. ಎರಡೇ ಎರಡು! ಕಾವೇರಿ ಹುಟ್ಟುವುದು ನಮ್ಮ ಬೆಟ್ಟದಲ್ಲಿ, ಅವಳ ನೀರಿನ ಮಾತುಕತೆಗೆ ನಮ್ಮನ್ನು ಕರೆಯುವವರಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಮನೆ, ತೋಟ ಕೊಚ್ಚಿಕೊಂಡು ಹೋದವು. ಯಾವ ಇಳಿಜಾರು ಮುಟ್ಟಬಾರದು, ಎಲ್ಲಿ ರೆಸಾರ್ಟ್ ಬೇಡ ಎಂದು ಹೇಳುವ ಅಧಿಕಾರ ಇಲ್ಲಿನವರಿಗೇ ಇದ್ದಿದ್ದರೆ?

ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂಗಳಲ್ಲಿ ಸಂವಿಧಾನದ ಆರನೇ ಷೆಡ್ಯೂಲ್ ಪ್ರಕಾರ ಸ್ವಾಯತ್ತ ಮಂಡಳಿಗಳಿವೆ. ಜಮೀನು, ಪದ್ಧತಿಗಳ ಬಗ್ಗೆ ಅವೇ ಕಾನೂನು ಮಾಡುತ್ತವೆ. ದೇಶವೇನೂ ಒಡೆದಿಲ್ಲ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ಕೊಟ್ಟದ್ದರಿಂದ ರಾಜ್ಯವೂ ಒಡೆಯಲಿಲ್ಲ ಅಲ್ವಾ? ಕೊಡವರು ಸಂಖ್ಯೆಯಲ್ಲಿ ಕಮ್ಮಿ ಎಂದು ವಿರೋಧದ ಬರಹದಲ್ಲಿ ಬರೆದಿರುತ್ತಾರೆ, ಗೊತ್ತು. ಕಮ್ಮಿ ಇರುವುದಕ್ಕೇ ತಾನೇ ಕೇಳುತ್ತಿರುವುದು!

ವಿರೋಧ

ಈ ಕಡೆ ಬರೆಯಲು ಬೇರೆ ಯಾರೂ ಒಪ್ಪಲಿಲ್ಲವಂತೆ. ಸೋಮವಾರಪೇಟೆ ಕಡೆಯವನಾದ ನನಗೆ ಹೇಳಿದರು. ಎರಡು ಸೀಟಿನ ಸಂಕಟ ನನಗೂ ಇದೆ, ಮೊದಲೇ ಹೇಳಿಬಿಡುತ್ತೇನೆ.

ಆದರೆ 24 ಶಾಸಕರ ಕಥೆ ಹೇಳುವವರು ಅರ್ಧಕ್ಕೇ ನಿಲ್ಲಿಸುತ್ತಾರೆ. 1952ರಲ್ಲಿ ವಿಲೀನ ಬೇಡ ಎಂದ ತಕ್ಕಡಿ ಪಕ್ಷ ಗೆದ್ದದ್ದು 9 ಸೀಟು. ಮೈಸೂರಿನ ಜೊತೆ ಹೋಗೋಣ ಎಂದ ಕಾಂಗ್ರೆಸ್ 15 ಗೆದ್ದಿತು. ಪೂಣಚ್ಚನವರು ಕಾಂಗ್ರೆಸ್ಸಿನವರೇ.

ಇನ್ನು ಮಂಡಳಿ ಯಾರದು? 2011ರ ಜನಗಣತಿಯಲ್ಲಿ ಜಿಲ್ಲೆಯ ಜನ ಸುಮಾರು 5.54 ಲಕ್ಷ. ಕೊಡವರ ಭಾಷೆ ಕೊಡವ ತಕ್ಕ್ ಆಡುವವರು ದೇಶದಲ್ಲೆಲ್ಲ ಸೇರಿ ಸುಮಾರು 1.14 ಲಕ್ಷ. ಅರೆಭಾಷೆ ಗೌಡರು, ಲಿಂಗಾಯತರು, ಮಾಪಿಳ್ಳೆ ಮುಸ್ಲಿಮರು, ಆದಿವಾಸಿಗಳಾದ ಯರವರು, ಜೇನುಕುರುಬರು ಎಲ್ಲಿ ಹೋಗಬೇಕು? ಕೊಡವರ ಉದ್ದ ಕೋಟು ಕುಪ್ಯ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡು ಸಭೆ ನಡೆಸುವುದು ನೋಡಲು ಚೆನ್ನ. ರಸ್ತೆ ಗುಂಡಿ ಮುಚ್ಚುವವರು ಯಾರು?

ಡಾರ್ಜಿಲಿಂಗಿನಲ್ಲಿ 1988ರಲ್ಲೇ ಗೋರ್ಖಾ ಹಿಲ್ ಕೌನ್ಸಿಲ್ ಎಂಬ ಸ್ವಾಯತ್ತ ಮಂಡಳಿ ಆಯಿತು, 2012ರಲ್ಲಿ ಅದರ ಜಾಗಕ್ಕೆ ಜಿಟಿಎ (ಗೋರ್ಖಾಲ್ಯಾಂಡ್ ಪ್ರಾದೇಶಿಕ ಆಡಳಿತ) ಬಂತು. ಆದರೂ 2017ರಲ್ಲಿ ಪ್ರತ್ಯೇಕ ರಾಜ್ಯ ಬೇಕೆಂದು ನೂರು ದಿನ ದಾಟಿದ ಬಂದ್.

ಮೊನ್ನೆ ವಿರಾಜಪೇಟೆ ಹತ್ತಿರದ ಅಕ್ಕನ ತೋಟಕ್ಕೆ ಹೋಗಿದ್ದೆ. ಕಾಫಿ ಕುಯ್ಯುವ ಸಮಯ. ತೋಟದ ಕೂಲಿಯವರ ಲೈನ್ ಮನೆಯ ಯರವ ಅಜ್ಜಿಗೆ ಈ ವಿಷಯ ಹೇಳಿದೆ. ಚೀಲದ ಬಾಯಿ ಕಟ್ಟುತ್ತಾ ಕೇಳಿಸಿಕೊಂಡಳು. "ಆಮೇಲೂ ಕೂಲಿ ಕೊಡೋದು ಅಮ್ಮಾವ್ರೇ ಅಲ್ವಾ?" ಅಂದಳು. ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. 2016ರಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ್ದು ಇದೇ ಜಿಲ್ಲೆಯಲ್ಲಿ.

ಆರ್‌ಟಿಸಿ ತೊಂದರೆ ಬಿಡಿ, ಅದು ಕಂದಾಯ ಕಾನೂನಿನ ತಕರಾರು. ಆ ಕಾನೂನು ತಿದ್ದಿದರೆ ಸರಿಹೋಗುತ್ತದೆ, ಅದಕ್ಕೆ ಮಂಡಳಿ ಬೇಕಿಲ್ಲ.