ಸ್ವಾಮಿ ಕಚ್ಚಿದ್ದು ಎಷ್ಟು ಮಾರ್ಕ್ಸಿಗೆ?

ನಮ್ಮಕ್ಕನ ಮಗಳು ಪುಟ್ಟಿ ಈ ವರ್ಷ ಎಸ್ಸೆಸ್ಸೆಲ್ಸಿ. ಅಂದರೆ ಅವರ ಮನೆಯ ಟಿವಿಗೆ ಹಳೇ ಬೆಡ್‌ಶೀಟ್ ಹೊದಿಸಿ ಎಂಟು ತಿಂಗಳಾಯಿತು. ಮೊನ್ನೆ ಭಾನುವಾರ ಹೋಗಿದ್ದೆ. ಕಾಫಿ ಕುಡಿಯುತ್ತಾ ಕೂತಿದ್ದಾಗ ಒಳಗಿನ ಕೋಣೆಯಿಂದ ಕಿಸಕ್ಕನೆ ಒಂದು ನಗು ಕೇಳಿಸಿತು. ಭಾವ ಪೇಪರ್ ಮಡಚಿಟ್ಟು ಎದ್ದು ಹೋಗಿ ಬಾಗಿಲು ತಳ್ಳಿದರು.

"ಓದ್ತಿದ್ದೀಯೋ, ನಗ್ತಿದ್ದೀಯೋ?"

"ಓದ್ತಿದ್ದೀನಪ್ಪ. ಇಂಗ್ಲಿಷ್. ಫಸ್ಟ್ ಲೆಸನ್."

"ಪಾಠದಲ್ಲಿ ನಗೋಕೇನಿರುತ್ತೆ? ಟೆಕ್ಸ್ಟ್ ಬುಕ್ ಮುಚ್ಚಿಡು. ಗೈಡ್ ತಗೊಂಡು ಓದು."

ಭಾವನ ಮಾತು ನಿಜ. ಗೈಡ್ ಓದಿ ನಕ್ಕವರನ್ನು ನಾನಂತೂ ನೋಡಿಲ್ಲ.

ನಮ್ಮ ರಾಜ್ಯದ ಹತ್ತನೇ ತರಗತಿ ಇಂಗ್ಲಿಷ್ ಪುಸ್ತಕದ ಆ ಮೊದಲ ಪಾಠ ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಕಥೆ. ಮರೆತವರಿಗಾಗಿ ಒಂಚೂರು ಹೇಳಿಬಿಡುತ್ತೇನೆ. ಸ್ವಾಮಿಯ ಅಪ್ಪ ಪೇಪರ್ ಓದುತ್ತಾ ಕೂತಿದ್ದಾರೆ. ಕಾಡುದಾರಿಯಲ್ಲಿ ಹಳ್ಳಿ ಹುಡುಗನೊಬ್ಬ ಹುಲಿ ಜೊತೆ ಹೋರಾಡಿದ ಸುದ್ದಿ. ಶಕ್ತಿ, ವಯಸ್ಸು ಮುಖ್ಯ ಅಲ್ಲ, ಧೈರ್ಯವೇ ಎಲ್ಲ ಅಂತ ಅಪ್ಪನ ಭಾಷಣ ಶುರು. ಸ್ವಾಮಿ ಒಪ್ಪಲ್ಲ. ಧೈರ್ಯ ಇದ್ದರೂ ಹುಲಿ ಮೇಲೆ ಬಿದ್ದರೆ ನಾನೇನು ಮಾಡಕ್ಕಾಗುತ್ತೆ ಅನ್ನೋದು ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ, ಅಲ್ವಾ? ಉತ್ತರ ಗೊತ್ತಿಲ್ಲದ ಅಪ್ಪಂದಿರು ಮಾಡುವುದನ್ನೇ ಈ ಅಪ್ಪನೂ ಮಾಡುತ್ತಾರೆ. ಮಗನಿಗೆ ಒಂದು ಪರೀಕ್ಷೆ ಇಡುತ್ತಾರೆ. ದಿನಾ ಅಜ್ಜಿ ಪಕ್ಕ ಮಲಗುವ ಹುಡುಗ ಅವತ್ತು ರಾತ್ರಿ ಅಪ್ಪನ ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗಬೇಕು.

ಸ್ವಾಮಿ ಮಾತು ಮರೆಸಲು ನೋಡುತ್ತಾನೆ. ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಬಿದ್ದುಕೊಳ್ಳುತ್ತಾನೆ. ಮುಂದಿನ ತಿಂಗಳು ಒಂದನೇ ತಾರೀಖಿನಿಂದ ಮಲಗುತ್ತೇನೆ ಅಂತ ವಾಯಿದೆ ಕೇಳುತ್ತಾನೆ. ಲಾ ಪುಸ್ತಕಗಳ ಹಿಂದೆ ಚೇಳು ಇರಬಹುದು ಅನ್ನುತ್ತಾನೆ. ಒಂದೂ ನಡೆಯಲ್ಲ. ಕೊನೆಗೆ ಬೆಂಚಿನ ಕೆಳಗೆ ಮುದುರಿಕೊಳ್ಳುತ್ತಾನೆ. ಮಧ್ಯರಾತ್ರಿ ಏನೋ ಸದ್ದು, ಕತ್ತಲಲ್ಲಿ ಏನೋ ಅಲುಗಾಡಿದ ಹಾಗೆ. ದೆವ್ವ ಬಂತು, ತನ್ನ ಕಥೆ ಮುಗಿಯಿತು ಅಂದುಕೊಂಡು ಆ ಕಾಲನ್ನು ತಬ್ಬಿ ಕಚ್ಚೇಬಿಡುತ್ತಾನೆ. "ಅಯ್ಯೋ!" ಅಂತ ಕೂಗಿದ್ದು ದೆವ್ವ ಅಲ್ಲ, ಕಳ್ಳ. ಜಿಲ್ಲೆಯಲ್ಲೇ ಹೆಸರಾದ ಮನೆಗಳ್ಳ. ಬೆಳಗಾಗುವಷ್ಟರಲ್ಲಿ ಸ್ವಾಮಿ ಹೀರೋ. ಹೆಡ್‌ಮಾಸ್ಟರ್ ಹೊಗಳುತ್ತಾರೆ. ದೊಡ್ಡವನಾದ ಮೇಲೆ ಪೊಲೀಸ್ ಕೆಲಸಕ್ಕೆ ಬಾ ಅಂತ ಪೊಲೀಸರೇ ಕರೆಯುತ್ತಾರೆ. ಹುಡುಗನ ಮನಸ್ಸಿನಲ್ಲಿರೋದು ಇಂಜಿನ್ ಡ್ರೈವರ್, ಗಾರ್ಡ್, ಬಸ್ ಕಂಡಕ್ಟರ್. ಮಾರನೇ ರಾತ್ರಿ ಅಪ್ಪ ಕ್ಲಬ್ಬಿನಿಂದ ಬರುವ ಹೊತ್ತಿಗೆ ಹೀರೋ ಮತ್ತೆ ಅಜ್ಜಿ ಪಕ್ಕದಲ್ಲಿ.

ಇಷ್ಟೇ ಕಥೆ. ಧೈರ್ಯದ ಬಗ್ಗೆ ದೊಡ್ಡವರು ಕೊರೆಯುವ ಭಾಷಣದ ಮೇಲೆ ಮಾಡಿದ ತಣ್ಣನೆಯ ತಮಾಷೆ. ಹುಡುಗ ಹೀರೋ ಆದದ್ದು ಧೈರ್ಯದಿಂದ ಅಲ್ಲ, ಪುಕ್ಕಲುತನದಿಂದ. ಪುಟ್ಟಿ ನಕ್ಕಿದ್ದು ಅದಕ್ಕೇ.

ಈಗ ಗೈಡಿಗೆ ಬನ್ನಿ. ದಪ್ಪ ಅಕ್ಷರದಲ್ಲಿ ಚೌಕ ಹಾಕಿ ಕೊಟ್ಟಿದ್ದಾರೆ: ಈ ಪಾಠದ ನೀತಿ ಏನೆಂದರೆ, ಧೈರ್ಯವೇ ಎಲ್ಲ. ಅಯ್ಯಾ, ಅದು ಕಥೆಯ ನೀತಿ ಅಲ್ಲ, ಕಥೆಯೊಳಗಿನ ಅಪ್ಪನ ಡೈಲಾಗು! ಮಹಾಭಾರತ ಪೂರ್ತಿ ಓದಿ, ಸೂಜಿಮೊನೆಯಷ್ಟೂ ಜಾಗ ಬಿಡಬಾರದು ಅನ್ನೋದೇ ಈ ಕಾವ್ಯದ ನೀತಿ ಅಂತ ಬರೆದ ಹಾಗಾಯಿತು. ಆದರೆ ಕೀ ಆನ್ಸರಿನಲ್ಲಿರೋದೂ ಅದೇ, ನೋಟ್ಸಿನಲ್ಲಿರೋದೂ ಅದೇ. ಲಾಯರ್ ಅಪ್ಪ ಕಥೆಯಲ್ಲಿ ಸೋತರೂ ಪರೀಕ್ಷೆಯಲ್ಲಿ ಕೇಸ್ ಗೆದ್ದಿದ್ದಾರೆ.

ಅದೇ ಗೈಡಿನ ಪದಗಳ ಪಟ್ಟಿಯಲ್ಲಿ 'ಅಯ್ಯೋ' ಅನ್ನುವ ಪದಕ್ಕೆ ಅರ್ಥ ಕೊಟ್ಟಿದ್ದಾರೆ. ನೋವು ಅಥವಾ ಆಶ್ಚರ್ಯವನ್ನು ಸೂಚಿಸುವ ಉದ್ಗಾರವಂತೆ. ಮೈಸೂರಿನ ಮಕ್ಕಳಿಗೆ! ಪುಟ್ಟಿ ಅದನ್ನೂ ಉರು ಹೊಡೆದಿದ್ದಾಳೆ. ಅಯ್ಯೋ ಅನ್ನೋಣ ಅಂದರೆ ಅದರ ಸ್ಪೆಲ್ಲಿಂಗ್ ತಪ್ಪಿದರೆ ಅರ್ಧ ಮಾರ್ಕ್ಸ್ ಹೋಗುತ್ತದೆ.

ಇನ್ನು ಪ್ರಶ್ನೆಗಳು. ನನಗೆ ಹಿಡಿಸಿದ್ದು ಉತ್ತರದ ಅಳತೆ. ಕೆಲವನ್ನು 2–3 ವಾಕ್ಯಗಳಲ್ಲಿ ಬರೆಯಬೇಕು, ಕೆಲವನ್ನು 5–6ರಲ್ಲಿ, ದೊಡ್ಡವನ್ನು 8–10ರಲ್ಲಿ. ಅಂದರೆ ಸ್ವಾಮಿ ಎಷ್ಟು ಹೆದರಿದ ಅನ್ನೋದನ್ನು ಪ್ರಶ್ನೆಪತ್ರಿಕೆಯ ನೀಲನಕ್ಷೆ ತೀರ್ಮಾನ ಮಾಡುತ್ತದೆ. ಎರಡು ಮಾರ್ಕ್ಸಿಗೆ ಬಂದರೆ ಸುಮ್ನೆ ಬೆವರುತ್ತಾನೆ. ನಾಲ್ಕು ಮಾರ್ಕ್ಸಿಗೆ ಬಂದರೆ ಬೆವರಿ, ನಡುಗಿ, ಕೆಟ್ಟ ಕನಸು ಕಂಡು, ಬೆಂಚಿನ ಕೆಳಗೂ ಹೋಗಬೇಕು. ಜೊತೆಗೆ 'ಈ ಮಾತನ್ನು ಯಾರು ಯಾರಿಗೆ ಹೇಳಿದರು' ಅನ್ನುವ ಶೈಲಿ ಬೇರೆ. ಮನೆಯಲ್ಲಿ ಅತ್ತೆ ಸೊಸೆ ಜಗಳಕ್ಕೆ ಪಂಚಾಯ್ತಿ ಮಾಡುವವರು ಕೇಳುವ ಪ್ರಶ್ನೆ ಇದು. ಕಥೆ ಓದಿದವರು ಯಾರಾದರೂ ಒಬ್ಬರನ್ನೊಬ್ಬರು ಹೀಗೆ ಕೇಳಿಕೊಳ್ಳುತ್ತಾರಾ? "ಮಾರಾಯ, ಕಳ್ಳನ ಕಾಲು ಕಚ್ಚೋದು ಓದಿದ್ಯಾ?" ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಮಾರ್ಕ್ಸಿಲ್ಲ.

ಪ್ರಿಪರೇಟರಿ ಪರೀಕ್ಷೆಯಲ್ಲಿ ಪುಟ್ಟಿ ಒಂದು ತಪ್ಪು ಮಾಡಿದಳು. ಸ್ವಾಮಿ ರಾತ್ರೋರಾತ್ರಿ ಹೇಗೆ ಹೀರೋ ಆದ ಅಂತ ಪ್ರಶ್ನೆ ಇತ್ತು. ಅವನಿಗೆ ವಿಪರೀತ ಭಯ ಆಗಿತ್ತು, ಭಯದಲ್ಲಿ ಕಚ್ಚಿದ, ಕಚ್ಚಿದ್ದು ಕಳ್ಳನನ್ನು ಅಂತ ಅವನಿಗೇ ಗೊತ್ತಿರಲಿಲ್ಲ, ಧೈರ್ಯ ಇದ್ದಿದ್ದರೆ ಎದ್ದು ದೀಪ ಹಚ್ಚುತ್ತಿದ್ದ ಅಂತ ತನ್ನದೇ ಇಂಗ್ಲಿಷಿನಲ್ಲಿ ಬರೆದುಬಿಟ್ಟಳು. ಒಂದು ವ್ಯಾಕರಣದ ತಪ್ಪು ಇತ್ತು, ಒಪ್ಪೋಣ. ಆದರೆ ನಾನು ಓದಿದ ಮಟ್ಟಿಗೆ ಆ ಕಥೆಯ ಬಗ್ಗೆ ಅಷ್ಟು ಸರಿಯಾದ ವಿಮರ್ಶೆ ಇನ್ನೊಂದಿಲ್ಲ. ಸಿಕ್ಕಿದ್ದು ನಾಲ್ಕಕ್ಕೆ ಒಂದೂವರೆ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ: ನೋಟ್ಸ್ ನೋಡಿ ಹತ್ತು ಸಲ ಬರೆ.

ಟೀಚರನ್ನು ಬೈದು ಪ್ರಯೋಜನ ಇಲ್ಲ. ರಿಸಲ್ಟ್ ಕಡಿಮೆ ಬಂದರೆ ಅವರಿಗೆ ಕಾರಣ ಕೇಳಿ ನೋಟಿಸ್ ಬರುತ್ತದೆ. ತಮಾಷೆ ಅರ್ಥವಾಗದಿದ್ದರೆ ಯಾರಿಗೂ ನೋಟಿಸ್ ಬರಲ್ಲ. ಅವರ ಮೇಜಿನ ಮೇಲೂ ಒಬ್ಬ ಅಪ್ಪ ಕೂತಿದ್ದಾನೆ ಅಂದುಕೊಳ್ಳಿ.

ಅಕ್ಕನ ಎದುರುಮನೆಯಲ್ಲಿ ಒಬ್ಬ ಹುಡುಗ ಇದ್ದಾನೆ. ಕನ್ನಡ ಮೀಡಿಯಂ, ಅವನೂ ಹತ್ತನೇ ಕ್ಲಾಸು. ಅವನ ಕೈಯಲ್ಲಿ ಗೈಡಿಗಿಂತ ತೆಳ್ಳಗಿನ ಒಂದು ಪುಸ್ತಕ ಇದೆ. 'ಪಾಸಿಂಗ್ ಪ್ಯಾಕೇಜ್' ಅಂತ. 80ಕ್ಕೆ ಬರೆಯಬೇಕು. ಪಾಸಿಗೆ ಬೇಕಾದಷ್ಟು ಮಾರ್ಕ್ಸನ್ನು ಎಲ್ಲೆಲ್ಲಿಂದ ಹೆಕ್ಕಬೇಕು ಅಂತ ಅದರಲ್ಲಿದೆ. ಒಂದು ಪತ್ರ, ಒಂದು ಬಾಯಿಪಾಠದ ಪದ್ಯ, ಕೆಲವು ಪಾಠಗಳಿಂದ ನಾಲ್ಕು ನಾಲ್ಕು ಉತ್ತರ. ಹುಡುಗ ಇಂಗ್ಲಿಷ್ ಉತ್ತರಗಳ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡ ಅಕ್ಷರ ಬರೆದುಕೊಂಡಿದ್ದಾನೆ. "ಫಾದರ್ ಟೋಲ್ಡ್ ದಟ್ ಕರೇಜ್ ಈಸ್ ಎವೆರಿಥಿಂಗ್." ಗಾಯತ್ರಿ ಮಂತ್ರದ ಹಾಗೆ ಉಸಿರು ಬಿಡದೆ ಹೇಳುತ್ತಾನೆ.

"ಕಥೆ ಹೇಗಿದೆಯೋ?" ಅಂದೆ.

"ಚೆನ್ನಾಗಿದೆ ಅಂಕಲ್. ಹುಲಿ ಪಾಠ."

"ಕೊನೆಗೆ ಏನಾಗುತ್ತೆ?"

ಹುಡುಗ ತಲೆ ಕೆರೆದುಕೊಂಡ. "ಹುಲಿ ಸಾಯುತ್ತೆ, ಅಲ್ವಾ? ಪ್ಯಾಕೇಜಿನಲ್ಲಿ ಅಲ್ಲೀತನಕ ಇಲ್ಲ ಅಂಕಲ್."

ಕಟ್ಟೆ ಮೇಲೆ ಕೂತು ಇಡೀ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಹದಿನೈದು ನಿಮಿಷ ಆಗಿರಬಹುದು. ಚೇಳಿನ ನೆಪ ಹೇಳುವಾಗ ಅವನ ಮುಖ ಅರಳಿತು. ಕಚ್ಚುವ ಜಾಗಕ್ಕೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. ಶಂಕರ್ ನಾಗ್ ಮಾಡಿದ ಟಿವಿ ಸೀರಿಯಲ್ಲಿನಲ್ಲಿ ಸ್ವಾಮಿಯ ಅಪ್ಪ ಗಿರೀಶ್ ಕಾರ್ನಾಡ್ ಅಂತಲೂ ಹೇಳಿದೆ. ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡು ಹುಡುಗ ಕೇಳಿದ: "ಅಂಕಲ್, ಈ ಕಚ್ಚಿದ್ದು ಎಷ್ಟು ಮಾರ್ಕ್ಸಿಗೆ ಬರುತ್ತೆ?"

ನಾನು ಯಾದವಗಿರಿ ದಾರಿಯಲ್ಲಿ ಮನೆಗೆ ಬಂದೆ. ನಾರಾಯಣ್ ಅವರ ಮನೆ ಈಗ ಮ್ಯೂಸಿಯಂ ಆಗಿದೆಯಲ್ಲ, ಅದರ ಮುಂದೆ ಒಂದು ನಿಮಿಷ ಸ್ಕೂಟರ್ ನಿಲ್ಲಿಸಿದೆ. ಈ ಮನುಷ್ಯನಿಗೆ ಪರೀಕ್ಷೆ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. ಅವರಪ್ಪ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರ್. ಹೆಡ್‌ಮಾಸ್ಟರ ಮಗ ಯೂನಿವರ್ಸಿಟಿ ಪ್ರವೇಶ ಪರೀಕ್ಷೆ ಬರೆದರು. ಫೇಲಾದರು. ಯಾವುದರಲ್ಲಿ? ಇಂಗ್ಲಿಷಿನಲ್ಲಿ! ಆಮೇಲೆ ಒಂದು ವರ್ಷ ಕುಕ್ಕರಹಳ್ಳಿ ಕೆರೆ ಏರಿ, ಕೈಯಲ್ಲಿ ಪುಸ್ತಕ. ಯಾರೂ ಕೀ ಆನ್ಸರ್ ಕೊಡದ ಒಂದು ವರ್ಷ. ಬಿಎ ಮುಗಿದದ್ದು 1930ರಲ್ಲಿ. ಆಮೇಲೆ ಚನ್ನಪಟ್ಟಣದಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿ, ಕೆಲವೇ ದಿನದಲ್ಲಿ ಬಿಟ್ಟು ಬಂದವರು. ಇವತ್ತು ಅವರೇ ಎದ್ದು ಬಂದು ಮೊದಲ ಪಾಠದ ಪ್ರಶ್ನೆಗಳಿಗೆ ಉತ್ತರ ಬರೆದರೂ ನಾಲ್ಕಕ್ಕೆ ಒಂದೂವರೆ ದಾಟುವುದು ಅನುಮಾನ. ಸ್ವಾಮಿ ಧೈರ್ಯವಂತ ಅಂತ ಬರೆಯಲು ಅವರ ಕೈ ಬರಬೇಕಲ್ಲ?

ಇನ್ನೊಂದಿದೆ. 1986ರಲ್ಲಿ ನಾರಾಯಣ್ ರಾಜ್ಯಸಭೆಗೆ ನಾಮನಿರ್ದೇಶನ ಆದರು. ಸಭೆಯಲ್ಲಿ ಮಾತಾಡಿದ್ದು ಜಾಸ್ತಿ ಇಲ್ಲ. 1989ರಲ್ಲಿ ಎದ್ದು ನಿಂತು ಮಾತಾಡಿದ್ದು ಮಕ್ಕಳ ಸ್ಕೂಲ್ ಬ್ಯಾಗಿನ ಬಗ್ಗೆ. ಹೊರೆ ಹೊತ್ತು ಹೊತ್ತು ಮಕ್ಕಳು ಚಿಂಪಾಂಜಿಗಳ ಹಾಗೆ ಬಾಗಿ ನಡೆಯುತ್ತಿವೆ ಅಂದರು. ದೇಶಕ್ಕೇ ಅಯ್ಯೋ ಅನಿಸಿತು. 1992ರಲ್ಲಿ ಯಶಪಾಲ್ ಸಮಿತಿ ಆಯಿತು, 1993ರಲ್ಲಿ 'ಹೊರೆಯಿಲ್ಲದ ಕಲಿಕೆ' ಅನ್ನುವ ವರದಿ ಬಂತು. ಬ್ಯಾಗಿನ ತೂಕಕ್ಕಿಂತ ಅರ್ಥವಾಗದೆ ಓದುವ ಹೊರೆಯೇ ದೊಡ್ಡದು ಅಂತ ಅದರಲ್ಲಿ ಬರೆದರು. 2019ರಲ್ಲಿ ನಮ್ಮ ರಾಜ್ಯವೂ ಸುತ್ತೋಲೆ ಹೊರಡಿಸಿತು: ಒಂಬತ್ತು, ಹತ್ತನೇ ತರಗತಿಯವರ ಬ್ಯಾಗು 4ರಿಂದ 5 ಕೆಜಿ ಮೀರಬಾರದು.

ಪುಟ್ಟಿಯ ಬ್ಯಾಗನ್ನು ಕೆಳಗಿನ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಎಂಟೂವರೆ ಕೆಜಿ. ಅಂಗಡಿಯವರು "ಏನ್ ಸಾರ್, ಅಕ್ಕಿನಾ?" ಅಂದರು. ಅದರೊಳಗೆ ಪಠ್ಯಪುಸ್ತಕ, ನೋಟ್ಸು, ಗೈಡು, ಮಾಡೆಲ್ ಪೇಪರುಗಳ ಕಟ್ಟು, ಟ್ಯೂಷನ್ ನೋಟ್ಸು. ನಾರಾಯಣ್ ಅವರ ಪಾಠ ಆರೇಳು ಪುಟ. ಅದನ್ನು ವಿವರಿಸುವ ಸಾಮಗ್ರಿ ಮುಕ್ಕಾಲು ಕೆಜಿ. ಹೊರೆ ಇಳಿಸಿ ಅಂತ ಬೇಡಿಕೊಂಡ ಮನುಷ್ಯನ ಕಥೆಯನ್ನೇ ಹೊರೆ ಮಾಡಿ ಬೆನ್ನಿಗೆ ಕಟ್ಟಿದ್ದೇವೆ. ಇಂಥ ತಮಾಷೆ ಅವರ ಮಾಲ್ಗುಡಿಯಲ್ಲೂ ನಡೆದಿರಲಿಲ್ಲ.

ಪರೀಕ್ಷೆಯ ಕೋಣೆಯೂ ಈಗ ಸ್ವಾಮಿಯ ಆಫೀಸ್ ರೂಮಿನ ಹಾಗೇ ಇದೆ. 2024ರಿಂದ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್. ಅಪ್ಪ ಪಕ್ಕದ ಕೋಣೆಯಲ್ಲಿ ಕಾಯುವ ಬದಲು ಜಿಲ್ಲಾ ಕೇಂದ್ರದಲ್ಲಿ ಕೂತು ಪರದೆ ನೋಡುತ್ತಾನೆ. ಕಾಪಿ ನಿಂತರೆ ಒಳ್ಳೆಯದೇ, ತಕರಾರಿಲ್ಲ. ಆದರೆ ತಲೆಯೊಳಗೇ ಗೈಡನ್ನು ತುಂಬಿಸಿಕೊಂಡು ಬಂದು, ಅದನ್ನು ನೋಡಿ ನೋಡಿ ಬರೆಯುವ ಕಾಪಿಯನ್ನು ಯಾವ ಕ್ಯಾಮೆರಾ ಹಿಡಿಯುತ್ತದೋ ಕಾಣೆ. ಅದಕ್ಕೆ ನಾವು ಔಟ್ ಆಫ್ ಔಟ್ ಕೊಟ್ಟು ಫ್ಲೆಕ್ಸ್ ಹಾಕಿಸುತ್ತೇವೆ.

ಈ ಭಾನುವಾರ ಮತ್ತೆ ಹೋಗಿದ್ದೆ. ಊಟ ಆದ ಮೇಲೆ ಭಾವ ಹೊಸ ಕಾನೂನು ಹೊರಡಿಸಿದರು. ಪುಟ್ಟಿ ಇನ್ನೂ ಅಜ್ಜಿ ಪಕ್ಕ ಮಲಗುತ್ತಾಳೆ. ಅಜ್ಜಿ ಹನ್ನೊಂದು ಗಂಟೆ ತನಕ ಕಥೆ ಹೇಳುತ್ತಾರೆ. ಇದರಿಂದ ಬೆಳಿಗ್ಗೆ ನಾಲ್ಕಕ್ಕೆ ಏಳೋಕಾಗ್ತಿಲ್ಲ. ಹಾಗಾಗಿ ಇನ್ನು ಮೇಲೆ ಓದುವ ಕೋಣೆಯಲ್ಲೇ ಒಬ್ಬಳೇ ಮಲಗಬೇಕು.

"ಮಗು ಎಲ್ಲಿ ಬೇಕಾದರೂ ಮಲಗಲಿ ಬಿಡೋ," ಅಂದರು ಅಜ್ಜಿ.

"ನೀನು ಸುಮ್ಮನಿರಮ್ಮ. ನೀನೇ ಅವಳನ್ನು ಹಾಳು ಮಾಡ್ತಿರೋದು."

ಪುಟ್ಟಿ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ತಟ್ಟೆ ಎತ್ತಿಕೊಂಡು ಏಳುತ್ತಾ, ಬಲು ಸಾಧುವಾಗಿ ಹೇಳಿದಳು: "ಮುಂದಿನ ತಿಂಗಳು ಒಂದನೇ ತಾರೀಖಿನಿಂದ ಒಬ್ಬಳೇ ಮಲಗ್ತೀನಪ್ಪ."

"ಅದೆಲ್ಲ ಆಗಲ್ಲ. ಇವತ್ತಿಂದಲೇ."

"ಆ ರೂಮಿನಲ್ಲಿ ಗೈಡುಗಳ ಹಿಂದೆ ಚೇಳು ಇರಬಹುದು."

ನನಗೆ ಕಾಫಿ ನೆತ್ತಿಗೇರಿತು. ಅಕ್ಕ ಬೆನ್ನು ತಟ್ಟಿದಳು. ಭಾವ ಮಾತ್ರ ಎದ್ದು ಹೋಗಿ, ಟಾರ್ಚ್ ಹಿಡಿದುಕೊಂಡು, ಗೈಡುಗಳನ್ನು ಒಂದೊಂದಾಗಿ ಸರಿಸಿ ಚೇಳು ಹುಡುಕತೊಡಗಿದರು. ಮೂರು ತಿಂಗಳಿನಿಂದ ದಿನಾ ಸಂಜೆ ಆ ಪಾಠದ ಪ್ರಶ್ನೋತ್ತರ ಒಪ್ಪಿಸಿಕೊಳ್ಳುತ್ತಿರುವವರು ಅವರೇ.